ಒಂದು ರಾತ್ರಿಯ ರಸೀದಿ

ಒಂದು ರಾತ್ರಿ ಮಲಗಿದರೆ ಸಾಕು,
ಸೌತ್ ಡಕೋಟಾ ನಿಮ್ಮನ್ನು ತನ್ನವರು ಅನ್ನುತ್ತದೆ –
ಕ್ಯಾಂಪಿನಲ್ಲಿ ಯಾರೋ ಹೇಳಿದ್ದು. ನಂಬಿ ಬಂದೆ.

ಮೋಟೆಲಿನ ಹುಡುಗ ರಸೀದಿ ಹರಿದುಕೊಟ್ಟ:
ಹನ್ನೊಂದನೇ ಕೋಣೆ, ಒಬ್ಬರು,
ನಾಯಿಗೆ ಹತ್ತು ಡಾಲರು ಬೇರೆ.
'ಡಾರ್ಲೀನ್ ಅಲ್ಲಪ್ಪ, ಡೋರ್ಲೀನ್. ಡೋರ್ಲೀನ್ ಪ್ರೂಯಿಟ್.
ತಿದ್ದಿ ಕೊಡು, ನಾಳೆಗೆ ಇದೇ ನನ್ನ ಜಾತಕ.'
ಅವನು ನಗಲಿಲ್ಲ.
ಗಾಲಿಯ ಮೇಲೆ ಮನೆ ಹೂಡಿಕೊಂಡವರು
ವಾರಕ್ಕೆ ನಾಲ್ಕು ಜನ ಅಲ್ಲಿ ಮಲಗೆದ್ದು
ಬೆಳಗ್ಗೆ ಈ ರಾಜ್ಯದವರಾಗಿ ಹೋಗುತ್ತಾರೆ.

ಹಾಸಿಗೆ ಮೆತ್ತಗಿತ್ತು. ತಪ್ಪು ಅದರದ್ದಲ್ಲ.
ಮೂರು ವರ್ಷದಿಂದ ವ್ಯಾನಿನ ಹಲಗೆಗೆ ಒಗ್ಗಿದ ಬೆನ್ನು,
ಗೋಡೆಗಳು ಇಷ್ಟು ದೂರ ನಿಂತರೆ ನಿದ್ದೆ ಮಾಡದು.
ಎರಡು ಗಂಟೆಗೆ ನಾಯಿಯನ್ನೆಬ್ಬಿಸಿ, ಕಂಬಳಿ ಹೊದ್ದು,
ಬಾಗಿಲು ಸದ್ದಾಗದಂತೆ ಎಳೆದುಕೊಂಡು,
ದುಡ್ಡು ಕೊಟ್ಟ ಕೋಣೆಯಿಂದ ಕಳ್ಳಿಯ ಹಾಗೆ ಇಳಿದು
ನನ್ನ ವ್ಯಾನಿನಲ್ಲೇ ಮಲಗಿದೆ.

ಬೆಳಗ್ಗೆ ಕೌಂಟರಿನ ಆಚೆ ಲವಾನ್.
ಕಿವಿಗೆ ಮಣಿ ಪೋಣಿಸಿದ ಓಲೆ, ಮೂಗಿನ ತುದಿಗೆ ಕನ್ನಡಕ.
'ಪ್ರಮಾಣ ಮಾಡಿ ಹೇಳಿ, ನಿನ್ನೆ ರಾತ್ರಿ ಈ ಕೋಣೆಯಲ್ಲಿ ಮಲಗಿದ್ದಿರಾ?'
ಕೆಂಟಕಿಯ ಹಳ್ಳದ ದಂಡೆಯವರು ನಾವು,
ಸುಳ್ಳು ಹೇಳುತ್ತೇವೆ, ಆದರೆ ಕಿವಿ ಕೆಂಪಾಗುತ್ತದೆ.
'ಎರಡರ ತನಕ. ಆಮೇಲೆ ವ್ಯಾನು.'
'ವ್ಯಾನು ಎಲ್ಲಿ ನಿಂತಿತ್ತು?'
'ಕಿಟಕಿಯ ಕೆಳಗೆ.'
'ಅದೂ ಸೌತ್ ಡಕೋಟಾನೇ,' ಅಂದು ಮುದ್ರೆ ಒತ್ತಿದಳು.

ಕಾಯಂ ವಿಳಾಸ?
ಹಳ್ಳ ಉಕ್ಕಿ ಮನೆ ಒಯ್ದಾಗ ಅಂಚೆಪೆಟ್ಟಿಗೆ ಮಾತ್ರ ಬಿಟ್ಟಿತ್ತು,
ಗೂಟದ ಮೇಲೆ, ನಾನೂರ ಹದಿನೆಂಟು ಅಂತ ನಂಬರು ಸಮೇತ.
ಎರಡು ಬೇಸಿಗೆ ಅದಕ್ಕೆ ತೆರಿಗೆಯ ಕಾಗದ ಬಂತು.
ಈಗ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಬಾಡಿಗೆಗೆ ಹಿಡಿದ ಗೂಡು,
ಗೇಣು ಅಗಲ, ಮೊಳ ಆಳ,
ಎರಡು ಸಾವಿರದ ಇನ್ನೂರ ಏಳು.
ಅದನ್ನೇ ಬರೆದೆ.
ಕಾಯಂ ಅನ್ನಲು ನನ್ನಲ್ಲಿ ಉಳಿದದ್ದು ಕಾಯ ಒಂದೇ,
ಅದಕ್ಕೂ ಮಂಡಿ ನೋವು.

ಲವಾನ್ ಕೀಲಿ ಒತ್ತುತ್ತಲೇ ಹೇಳಿದಳು, ಕಣ್ಣೆತ್ತದೆ:
'ನಮ್ಮಜ್ಜಿಯನ್ನು ಮೂರು ಸಲ ವಾಪಸ್ ಕಳಿಸಿದ್ದರು.
ಪೈನ್ ರಿಜ್ಜಿನಲ್ಲಿ ಅವಳ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ.
ರಾಜ್ಯ ಹುಟ್ಟುವ ಮೊದಲೇ ಅಲ್ಲಿದ್ದವರು.
ಹೆಸರು ಮಾತ್ರ ನಮ್ಮವರದ್ದೇ ಇಟ್ಟುಕೊಂಡರು.
ಅವಳ ಹತ್ತಿರ ರಸೀದಿ ಇರಲಿಲ್ಲ.'

ಏನು ಹೇಳಲಿ?
ಮೇಜಿನ ಮೇಲೆ ನನ್ನ ರಸೀದಿ
ಫ್ಯಾನಿನ ಗಾಳಿಗೆ ಏಳುತ್ತಿತ್ತು. ಬೆರಳಿಟ್ಟು ಹಿಡಿದೆ.

ಕೊನೆಯ ಪ್ರಶ್ನೆ:
ತಿರುಗಾಟ ಮುಗಿದ ಮೇಲೆ ಇಲ್ಲಿಗೇ ಮರಳುವ ಉದ್ದೇಶವಿದೆಯೇ?
ಅರವತ್ತೆಂಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ.
ಗಂಡನೂ ಕೇಳಲಿಲ್ಲ; ನಾನು ಮರಳುತ್ತೇನೆಂದೇ ತಿಳಿದಿದ್ದ,
ಪ್ರತಿ ಸಲ ಸರಿಯಾಗಿಯೇ ತಿಳಿದಿದ್ದ.
ಹೌದು ಅಂತ ಗೀಟೆಳೆದೆ. ಪೆನ್ನು ಮೂಡಲಿಲ್ಲ.
ಮತ್ತೆ ಎಳೆದೆ.

ಹಳೆಯ ಲೈಸೆನ್ಸಿನ ಮೂಲೆ ಕತ್ತರಿಸಿ ಕೊಟ್ಟಳು,
ಗುರುತಿಗೆ ಕುರಿಯ ಕಿವಿ ಕತ್ತರಿಸಿದ ಹಾಗೆ.
ಹೊರಗೆ ನಾಣ್ಯದಿಂದ ತಿರುಪು ಬಿಚ್ಚಿ ಕೆಂಟಕಿಯ ತಗಡು ತೆಗೆದೆ.
ಅದರ ಹಿಂದೆ ಬಿಸಿಲು ಕಾಣದ ನೀಲಿ,
ವ್ಯಾನು ಕೊಂಡ ದಿನದ್ದು.

ಫೆಬ್ರವರಿ. ಅರಿಜೋನಾದ ಮರಳಿನಲ್ಲಿ ಕಾಫಿ ಕಾಯಿಸುತ್ತಿದ್ದೆ.
ಗೂಡಿಗೆ ಬಿದ್ದ ಮೊದಲ ಕಾಗದ ಸುತ್ತಿ ಬಳಸಿ ಕೈಸೇರಿತು:
ಜ್ಯೂರಿ ಕೂರಲು ಬನ್ನಿ. ಪೆನಿಂಗ್ಟನ್ ಕೌಂಟಿ. ಬೆಳಗ್ಗೆ ಎಂಟೂವರೆ.
ಬರಲಾಗದಿದ್ದರೆ ಕಾರಣಕ್ಕೆ ಐದು ಖಾಲಿ ಗೆರೆ.
ಸಾವಿರ ಮೈಲಿ, ಹಿಮ, ಸವೆದ ಟೈರು, ಮಂಡಿ –
ಐದನ್ನೂ ತುಂಬಬಹುದಿತ್ತು.

ಹಲಗೆ ಮಡಚಿದೆ. ಬಾಣಲೆ ಒರೆಸಿ ಮೊಳೆಗೆ ಸಿಕ್ಕಿಸಿದೆ.
'ಏಳೋ,' ಅಂದೆ ನಾಯಿಗೆ,
'ಊರಿಂದ ಕಾಗದ ಬಂದಿದೆ.'